ಮನಿಯಾರ್ಡರಿನ ಋಣ

ನಾನು ಹೈಸ್ಕೂಲಿನಲ್ಲಿದ್ದ ದಿನಗಳಲ್ಲಿ ಪ್ರತಿ ತಿಂಗಳ ಮೊದಲ ವಾರ ನಮ್ಮ ಮನೆಯವರೆಲ್ಲರ ಕಣ್ಣು ಗದ್ದೆಯ ಬದುವಿನ ಮೇಲೆಯೇ ಇರುತ್ತಿತ್ತು. ಪೋಸ್ಟ್‌ಮ್ಯಾನ್ ಬರುವ ದಾರಿ ಅದು. ಬೊಂಬಾಯಿಯಿಂದ ಮಾವನ ಮನಿಯಾರ್ಡರು ಬಂದಿತೆಂದರೆ ಅಂಗಡಿಯ ಸಾಲ ತೀರುತ್ತಿತ್ತು, ನನ್ನ ಫೀಸು ಕಟ್ಟಲಾಗುತ್ತಿತ್ತು, ಅಮ್ಮನ ಮುಖದಲ್ಲಿ ಎರಡು ದಿನ ನಗೆ ಇರುತ್ತಿತ್ತು. ಮಾವ ಎಂದರೆ ಅಮ್ಮನ ಅಣ್ಣ. ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಮಾಟುಂಗದ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿ, ಲೋಟ ತೊಳೆದು, ಮೇಜು ಒರೆಸಿ, ಕೊನೆಗೆ ಅಡಿಗೆಯವನಾದವರು. ಮದುವೆಯಾಗಲಿಲ್ಲ. ಮನಿಯಾರ್ಡರು ಫಾರಮಿನ ತುದಿಯಲ್ಲಿ ಎರಡು ಸಾಲು ಬರೆಯಲು ಜಾಗವಿರುತ್ತಿತ್ತಲ್ಲ, ಅದರಲ್ಲಿ ಪ್ರತಿಸಲವೂ ಒಂದೇ ಮಾತು: ‘ನಾನು ಕ್ಷೇಮ. ಮಗುವಿನ ಫೀಸು ಕಟ್ಟುವುದು.’ ಆ ಮಗು ನಾನು. ಬಿ.ಎ., ಬಿ.ಎಡ್. ಎಂದು ಇಂದು ನನ್ನ ಹೆಸರಿನ ಮುಂದೆ ಬರೆದುಕೊಳ್ಳುವ ಅಕ್ಷರಗಳ ಬೆಲೆ ಕಟ್ಟಿದ್ದು ಆ ಮನಿಯಾರ್ಡರು.

ಇಷ್ಟು ವರ್ಷಗಳ ಮೇಲೆ ಮಾವನ ನೆನಪು ಕಾಡತೊಡಗಿದ್ದು ಐರ್ಲೆಂಡಿನ ದೆಸೆಯಿಂದ ಎಂದರೆ ನಿಮಗೆ ವಿಚಿತ್ರವೆನಿಸೀತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ಓದಿ ಆ ದೇಶಕ್ಕೆ ಹೋಗಿದ್ದಾಳೆ. ಅಲ್ಲಿನ ಪಶ್ಚಿಮ ಕರಾವಳಿಯ ಮೇಯೋ ಎಂಬ ಸೀಮೆಯಲ್ಲಿ, ವೃದ್ಧರನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಕೆಲಸ. ರಜೆಯಲ್ಲಿ ಊರಿಗೆ ಬಂದಾಗ ನನ್ನನ್ನು ನೋಡಲು ತಪ್ಪದೆ ಬರುತ್ತಾಳೆ. ಹಾಗೆ ಬಂದಿದ್ದಾಗ ತನ್ನ ಆಸ್ಪತ್ರೆಯ ಅಜ್ಜಿಯೊಬ್ಬಳ ವಿಷಯ ಹೇಳಿದಳು. ಹದಿನೆಂಟರ ಹರೆಯದಲ್ಲಿ ಇಂಗ್ಲೆಂಡಿಗೆ ಹೋದ ಆ ಅಜ್ಜಿ ಐವತ್ತು ವರ್ಷ ಅಲ್ಲಿಯೇ ದುಡಿದು, ಒಂಟಿಯಾಗಿ, ಎಪ್ಪತ್ತರ ಮೇಲೆ ಊರಿಗೆ ಮರಳಿದವಳಂತೆ.

‘ಯಾರು ಕರೆದುಕೊಂಡು ಬಂದದ್ದು?’ ಎಂದು ಕೇಳಿದೆ.

‘ಯಾರೂ ಇಲ್ಲ ಟೀಚರ್. ಇಂಥವರನ್ನು ಊರಿಗೆ ಕರೆತರಲಿಕ್ಕೇ ಅಲ್ಲೊಂದು ಸಂಸ್ಥೆ ಉಂಟು. ಸರಕಾರ ಅದಕ್ಕೆ ದುಡ್ಡು ಕೊಡುತ್ತದೆ. ಒಂದು ದಿನ ಆ ಅಜ್ಜಿ ನನ್ನನ್ನು ಕೇಳಿದರು, ನೀನೂ ಮನೆಗೆ ದುಡ್ಡು ಕಳಿಸುತ್ತೀಯಾ ಅಂತ. ಹೌದು ಅಂದೆ. ದುಡ್ಡು ಮುಟ್ಟಿತು ಅಂತ ಮಾತ್ರ ಹೇಳುತ್ತಾರೋ, ನೀನು ಹೇಗಿದ್ದೀ ಅಂತಲೂ ಕೇಳುತ್ತಾರೋ ಅಂದರು.’

ಅವಳು ಹೋದ ಮೇಲೂ ಆ ಪ್ರಶ್ನೆ ಮನೆಯಲ್ಲಿ ಉಳಿಯಿತು. ದೇಶ ಬಿಟ್ಟು ಹೋದವರಿಗಾಗಿ ಒಂದು ಸರಕಾರ ಏಕೆ ಖರ್ಚು ಮಾಡಬೇಕು? ನಾನು ಸಮಾಜ ಪಾಠದ ಟೀಚರು. ಗೊತ್ತಿಲ್ಲದ ವಿಷಯ ಸಿಕ್ಕಿದರೆ ಹುಡುಕಿ ಓದುವ ಚಟವಿದೆ. ಓದಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಐರ್ಲೆಂಡಿನಿಂದ ಜನ ಗುಳೆ ಹೊರಟ ಕತೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲೂ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. 1845ರಲ್ಲಿ ಅಲ್ಲಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಮೂರು ಹೊತ್ತಿನ ಊಟವೂ ಆಲೂಗಡ್ಡೆಯೇ ಆಗಿದ್ದ ನಾಡು ಅದು. ಬ್ರಿಟಿಷರ ಆಳ್ವಿಕೆ. ಜನ ಹಸಿವಿನಿಂದ ಸಾಯುತ್ತಿದ್ದಾಗಲೂ ಬಂದರುಗಳಿಂದ ಧಾನ್ಯದ ಮೂಟೆಗಳು ಹೊರಗೆ ಹೋಗುತ್ತಿದ್ದವು. ಬಂಗಾಳದ ಬರದ ಕತೆ ಓದಿದ ನಮಗೆ ಇದು ಹೊಸದೆನಿಸುವುದಿಲ್ಲ. ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಮಂದಿ ಸತ್ತರು, 10 ಲಕ್ಷಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. 1841ರಲ್ಲಿ 82 ಲಕ್ಷದಷ್ಟಿದ್ದ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ 65 ಲಕ್ಷಕ್ಕೆ ಇಳಿಯಿತು.

ಬರ ಮುಗಿದರೂ ಹೋಗುವುದು ನಿಲ್ಲಲಿಲ್ಲ. ಮನೆಯಲ್ಲಿ ಒಬ್ಬ ಮಗನಿಗೆ ಹೊಲ, ಒಬ್ಬ ಮಗಳಿಗೆ ವರದಕ್ಷಿಣೆ. ಉಳಿದ ಮಕ್ಕಳಿಗೆ ಹಡಗು. ಹೌದು, ಅಲ್ಲಿಯೂ ವರದಕ್ಷಿಣೆ ಇತ್ತು! ಹೊರಡುವವರ ಹಿಂದಿನ ರಾತ್ರಿ ನೆಂಟರಿಷ್ಟರು ಸೇರಿ ಹಾಡಿ, ಕುಣಿದು, ಬೆಳಗಿನ ಜಾವಕ್ಕೆ ಅಳುತ್ತಿದ್ದರಂತೆ. ಸತ್ತವರ ಹೆಣದ ಬಳಿ ರಾತ್ರಿಯೆಲ್ಲ ಎದ್ದು ಕೂರುವ ಪದ್ಧತಿಯ ಹೆಸರನ್ನೇ ಅದಕ್ಕೂ ಇಟ್ಟಿದ್ದರು, ‘ಅಮೇರಿಕನ್ ವೇಕ್’ ಎಂದು. ಅಮೇರಿಕಕ್ಕೆ ಹೋದವರು ಮರಳುವುದಿಲ್ಲ ಎಂಬುದು ಹೆತ್ತವಳಿಗೆ ಗೊತ್ತಿತ್ತು.

ನಮ್ಮಂಥ ಹೆಂಗಸರು ಗಮನಿಸಬೇಕಾದ ಸಂಗತಿಯೊಂದಿದೆ. ಯೂರೋಪಿನ ಬೇರೆ ದೇಶಗಳಿಂದ ಹೆಚ್ಚಾಗಿ ಗಂಡಸರು ಹೋದರೆ, ಅಥವಾ ಸಂಸಾರ ಸಮೇತ ಹೋದರೆ, ಐರ್ಲೆಂಡಿನಿಂದ ಮದುವೆಯಾಗದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋದರು. 1885ರಿಂದ 1920ರವರೆಗೆ ದೇಶ ಬಿಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರೇ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸೆಗಾರರ ಹೊಸ ಠಾಣೆ ತೆರೆದಾಗ ಅದನ್ನು ಮೊದಲು ದಾಟಿದವಳು ಆನಿ ಮೂರ್ ಎಂಬ ಐರಿಷ್ ಹುಡುಗಿ, ಇಬ್ಬರು ತಮ್ಮಂದಿರ ಜೊತೆಗೆ. ಅವಳು ಹಡಗು ಹತ್ತಿದ ಕೋವ್ ಬಂದರಿನಲ್ಲಿ ಈಗ ಅವಳ ಪ್ರತಿಮೆ ಇದೆ. ಅಮೇರಿಕದ ಶ್ರೀಮಂತರ ಮನೆಗಳಲ್ಲಿ ಪಾತ್ರೆ ತಿಕ್ಕಿ, ಮಕ್ಕಳನ್ನು ಆಡಿಸಿ, ಈ ಹುಡುಗಿಯರು ಕಳಿಸಿದ ಡಾಲರುಗಳಿಂದ ಐರ್ಲೆಂಡಿನ ಹೊಲಗಳ ಗೇಣಿ ಸಂದಾಯವಾಯಿತು, ಮುಂದಿನ ತಂಗಿಯ ಹಡಗಿನ ಟಿಕೇಟು ಬಂತು.

1922ರಲ್ಲಿ ದೇಶದ ಬಹುಭಾಗ ಸ್ವತಂತ್ರವಾಯಿತು. ಇನ್ನು ನಮ್ಮ ಮಕ್ಕಳು ನಮ್ಮ ಬಳಿಯೇ ಇರುತ್ತಾರೆ ಎಂದು ಜನ ನಂಬಿದರು. ಆದರೆ ಕೆಲಸ ಎಲ್ಲಿತ್ತು? 1950ರ ದಶಕ ಒಂದರಲ್ಲೇ ಸುಮಾರು 4 ಲಕ್ಷ ಮಂದಿ ಹೊರಟರು. ಈ ಸಲ ಬಹುತೇಕರು ಹೋದದ್ದು ಇಂಗ್ಲೆಂಡಿಗೆ, ಯಾರ ಆಳ್ವಿಕೆ ಬೇಡವೆಂದು ಹೋರಾಡಿದ್ದರೋ ಅವರ ಊರಿಗೇ. ಸ್ವತಂತ್ರ ಐರ್ಲೆಂಡಿಗೆ ಸೇರಿದ 26 ಜಿಲ್ಲೆಗಳಲ್ಲಿ 1841ರಲ್ಲಿ 65 ಲಕ್ಷ ಜನರಿದ್ದರು. 1961ರ ಜನಗಣತಿಯಲ್ಲಿ ಅಲ್ಲಿ ಉಳಿದವರು 28 ಲಕ್ಷ.

ಹುಡುಗಿಯರು ಹೋಗಲು ಬಡತನವೊಂದೇ ಕಾರಣವಾಗಿರಲಿಲ್ಲ. ಮದುವೆಯಾದ ಕೂಡಲೇ ಸರಕಾರಿ ನೌಕರಿ ಬಿಡಬೇಕೆಂಬ ಕಾನೂನು ಅಲ್ಲಿ 1973ರವರೆಗೂ ಇತ್ತು. 1930ರ ದಶಕದಿಂದ 1958ರವರೆಗೆ ಹೊಸದಾಗಿ ಸೇರಿದ ಪ್ರಾಥಮಿಕ ಶಾಲೆಯ ಶಿಕ್ಷಕಿಯರಿಗೂ ಅದೇ ನಿಯಮ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಾಳಿ ಕಟ್ಟಿದ ಮರುದಿನ ಹಾಜರಿ ಪುಸ್ತಕದಿಂದ ನನ್ನ ಹೆಸರು ಹೊಡೆದುಹಾಕಿದ್ದರೆ ನಾನೂ ಯಾವುದಾದರೂ ಹಡಗನ್ನು ಹುಡುಕುತ್ತಿದ್ದೆನೋ ಏನೋ. ನರ್ಸಿಂಗ್ ಕಲಿಯಲು ಐರ್ಲೆಂಡಿನಲ್ಲಿ ದುಡ್ಡು ಕಟ್ಟಬೇಕಿತ್ತು, ಇಂಗ್ಲೆಂಡಿನಲ್ಲಿ ಕಲಿಯುವಾಗಲೇ ಸಂಬಳ ಕೊಡುತ್ತಿದ್ದರು. 1948ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಐರಿಷ್ ಹುಡುಗಿಯರೇ ಆಸರೆಯಾದರು. ಮದುವೆಗೆ ಮುಂಚೆ ಬಸಿರಾದವರೂ ದೋಣಿ ಹತ್ತುತ್ತಿದ್ದರು. ಊರಿನಲ್ಲಿದ್ದರೆ ಅವರ ಪಾಲಿಗೆ ಇದ್ದದ್ದು ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ‘ತಾಯಿ ಮಕ್ಕಳ ಮನೆ’ ಎಂಬ ಕಟ್ಟಡದ ಎತ್ತರದ ಗೋಡೆ, ಮಗುವನ್ನು ಕಳೆದುಕೊಳ್ಳುವ ದುಃಖ. ಊರಿಗೆ ತಮ್ಮ ಮುಖ ತೋರಿಸಲಾರದೆ ಹೋದ ಇವರು ಕೂಡ ತಾಯಿಗೆ ದುಡ್ಡು ಕಳಿಸುವುದನ್ನು ಬಿಡಲಿಲ್ಲ.

ಆ ದುಡ್ಡು ಎಷ್ಟು? ಈ ಲೆಕ್ಕ ನನ್ನ ಮನಸ್ಸಿನಲ್ಲಿ ನಾಟಿಬಿಟ್ಟಿದೆ. 1961ರ ಒಂದೇ ವರ್ಷದಲ್ಲಿ ಬ್ರಿಟನ್ನಿನಿಂದ ಐರಿಷ್ ದುಡಿಮೆಗಾರರು ಊರಿಗೆ ಕಳಿಸಿದ ಹಣ 1 ಕೋಟಿ 35 ಲಕ್ಷ ಪೌಂಡು. ಅದೇ ವರ್ಷ ದೇಶದ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಸರಕಾರ ಮಾಡಿದ ಖರ್ಚು 1 ಕೋಟಿ 40 ಲಕ್ಷ ಪೌಂಡು. ಇಡೀ ದೇಶದ ಮಕ್ಕಳ ಓದಿಗೆ ತಗಲಿದಷ್ಟೇ ಹಣ ಹೊರಗಿನಿಂದ ಬಂತೆಂದಾಯಿತು! ಹಾಗೆ ಕಳಿಸಿದವರಲ್ಲಿ ಹೆಚ್ಚಿನವರು ಹದಿನಾಲ್ಕಕ್ಕೇ ಶಾಲೆ ಬಿಟ್ಟವರು.

ಇಂಥ ಮಕ್ಕಳಿಗೆ ಸರಕಾರ ಆಗ ಏನು ಮಾಡಿತು? ಬಹುಮಟ್ಟಿಗೆ ಏನೂ ಇಲ್ಲ. 1942ರಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪರು ಹೊರಹೋಗುವವರಿಗಾಗಿ, ಮುಖ್ಯವಾಗಿ ಹುಡುಗಿಯರಿಗಾಗಿ, ಒಂದು ವಿಭಾಗ ತೆರೆದರು. 1957ರಿಂದ ಪಾದ್ರಿಗಳನ್ನು ಇಂಗ್ಲೆಂಡಿಗೆ ಕಳಿಸುವ ವ್ಯವಸ್ಥೆಯಾಯಿತು. ಊಟ, ವಸತಿ, ಕೆಲಸ ಹುಡುಕಿಕೊಡುವ ಭಾರ ಚರ್ಚಿನ ಮೇಲೆ ಬಿತ್ತು. 1951ರಲ್ಲಿ ಪ್ರಧಾನಿ ಡಿ ವಲೇರಾ ಬರ್ಮಿಂಗ್‌ಹ್ಯಾಮಿನಲ್ಲಿ ಐರಿಷ್ ಕೂಲಿಗಳು ಒಂದೇ ಕೋಣೆಯಲ್ಲಿ ಕುರಿಗಳಂತೆ ತುಂಬಿಕೊಂಡಿರುವುದನ್ನು ಭಾಷಣದಲ್ಲಿ ಎತ್ತಿ ಆಡಿ, ಮನೆಗೆ ಬನ್ನಿ, ಇಲ್ಲಿ ಕೆಲಸವಿದೆ ಎಂದರು. ಹೋದವರಿಗೆ ಸಿಟ್ಟು ಬಂತು. ಕೆಲಸವಿದ್ದಿದ್ದರೆ ಅವರು ಹೋಗುತ್ತಲೇ ಇರಲಿಲ್ಲವಲ್ಲ! ನೆರವಿಗೆ ಹಣ ಕೊಡಿ ಎಂದು ಕೇಳಿದಾಗ, ಬೇರೆ ದೇಶದಲ್ಲಿರುವವರ ಹೊಣೆ ಆ ದೇಶದ್ದು ಎಂಬ ಧೋರಣೆಯೇ ಬಹುಕಾಲ ನಡೆಯಿತು.

ಗಂಡಸರು ರಸ್ತೆ ಅಗೆದರು, ಸುರಂಗ ಕೊರೆದರು, ಕಟ್ಟಡ ಎಬ್ಬಿಸಿದರು. ಮೇಸ್ತ್ರಿ ಅಂದಂದಿನ ಕೂಲಿಯನ್ನು ಅಂದೇ ಕೈಗೆ ಕೊಡುತ್ತಿದ್ದ. ವಿಮೆಯ ಕಂತಿಲ್ಲ, ದಾಖಲೆಯಿಲ್ಲ. ನಮ್ಮ ಕಡೆ ಪಿ.ಎಫ್. ಕಟ್ಟದೆ ದುಡಿಸಿಕೊಳ್ಳುವುದಿಲ್ಲವೇ, ಹಾಗೆಯೇ. ಮೈಯಲ್ಲಿ ಕಸುವಿರುವಷ್ಟು ದಿನ ಅದರ ಕೊರತೆ ತಿಳಿಯಲಿಲ್ಲ. ಅರವತ್ತು ದಾಟಿ, ಬೆನ್ನು ಬಗ್ಗಿದಾಗ ಪೆನ್ಷನ್ ಇಲ್ಲ, ಮನೆಯಿಲ್ಲ, ಹೆಂಡತಿ ಮಕ್ಕಳಿಲ್ಲ. ಲಂಡನ್ನಿನ ಅಗ್ಗದ ವಸತಿಗೃಹದ ಒಂದು ಕೋಣೆ, ಸಂಜೆಯಾದರೆ ಹೆಂಡದಂಗಡಿ. ಊರಿಗೆ ಹೋಗೋಣವೆಂದರೆ ನಾಚಿಕೆ. ದೊಡ್ಡ ಸಾಹೇಬನಾಗಿದ್ದೇನೆಂದು ಮೂವತ್ತು ವರ್ಷ ನಂಬಿಸಿದವನು ಬರಿಗೈಲಿ ಹೇಗೆ ಹೋಗುವುದು?

ಇದರ ಮೇಲೆ ಇನ್ನೊಂದು ಪೆಟ್ಟು. 1974ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಹೆಂಡದಂಗಡಿಗಳಲ್ಲಿ ಬಾಂಬು ಸಿಡಿದು 21 ಮಂದಿ ಸತ್ತರು. ಐರಿಷ್ ಉಗ್ರಗಾಮಿಗಳ ಮೇಲಿನ ಕೋಪ ಎಲ್ಲ ಐರಿಷರ ಮೇಲೂ ತಿರುಗಿತು. ಉಚ್ಚಾರದಿಂದ ಗುರುತು ಹಿಡಿದಾರೆಂದು ಅಂಗಡಿಯಲ್ಲಿ ಬಾಯಿ ಬಿಡದೆ ಸಾಮಾನು ಕೊಳ್ಳುತ್ತಿದ್ದ ಹೆಂಗಸರಿದ್ದರು. ಹೀಗೆ ತಲೆ ತಗ್ಗಿಸಿ ಬದುಕಿದವರು ಮುಪ್ಪಿನಲ್ಲಿ ಇಂಗ್ಲಿಷರ ಕಛೇರಿಗೆ ಹೋಗಿ ನೆರವು ಕೇಳುತ್ತಾರೆಯೇ? ತಮ್ಮ ಮಾತಿನ ಧಾಟಿಯಲ್ಲೇ ಮಾತಾಡುವ ಒಬ್ಬರು ಬಾಗಿಲು ತಟ್ಟಿ ‘ಹೇಗಿದ್ದೀರಿ’ ಎಂದು ಕೇಳಬೇಕಾಗಿತ್ತು.

ಐರ್ಲೆಂಡಿನ ಸರಕಾರ ಇದಕ್ಕೆಂದು ಕ್ರಮವಾಗಿ ಹಣ ಕೊಡಲು ಹೊರಟದ್ದು 1984ರಲ್ಲಿ. ಬ್ರಿಟನ್ನಿನಲ್ಲಿರುವ ಐರಿಷರ ಯೋಗಕ್ಷೇಮಕ್ಕೆ ಯಾವ ಸಂಘಕ್ಕೆ ಎಷ್ಟು ಕೊಡಬೇಕೆಂದು ಸಲಹೆ ಮಾಡಲು ‘ದೀಯೋನ್’ ಎಂಬ ಸಮಿತಿಯಾಯಿತು. ಐರಿಷ್ ಭಾಷೆಯಲ್ಲಿ ಈ ಮಾತಿಗೆ ಸೂರು, ಆಸರೆ ಎಂದು ಅರ್ಥ. ಮೊತ್ತ ಚಿಕ್ಕದು. ಆದರೂ ಅಲ್ಲಿನ ಐರಿಷ್ ಕೇಂದ್ರಗಳಲ್ಲಿ ಸಂಬಳದ ಮೇಲೆ ಒಬ್ಬಿಬ್ಬರು ಕಾರ್ಯಕರ್ತೆಯರನ್ನು ಇಟ್ಟುಕೊಳ್ಳಲು ಸಾಧ್ಯವಾಯಿತು.

1990ರಲ್ಲಿ ಮೇರಿ ರಾಬಿನ್ಸನ್ ಅಧ್ಯಕ್ಷೆಯಾದರು, ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆ. ತಮ್ಮ ಅಧಿಕೃತ ನಿವಾಸದ ಕಿಟಕಿಯೊಂದರಲ್ಲಿ ಅವರು ದೀಪ ಇಡಿಸಿದರು. ಕ್ರಿಸ್‌ಮಸ್ಸಿನ ರಾತ್ರಿ ಕಿಟಕಿಯಲ್ಲಿ ಮೇಣದ ಬತ್ತಿ ಹಚ್ಚಿಡುವುದು ಅಲ್ಲಿನ ಮನೆಗಳ ಹಳೆಯ ಪದ್ಧತಿ. ದೂರ ಹೋದವರಿಗೆ ಮನೆಯ ದಾರಿ ತೋರುವುದಕ್ಕೆ ರಾಬಿನ್ಸನ್ ಆ ದೀಪವನ್ನು ದಿನವೂ ಉರಿಸಿದರು. 1995ರಲ್ಲಿ ಸಂಸತ್ತಿನ ಎರಡೂ ಸದನಗಳ ಮುಂದೆ ಹೊರನಾಡಿನ ಐರಿಷರ ಬಗ್ಗೆಯೇ ಮಾತಾಡಿದರು. 1998ರ ಜನಮತಗಣನೆಯ ಮೇಲೆ ಸಂವಿಧಾನದ ಎರಡನೆಯ ವಿಧಿಗೇ ತಿದ್ದುಪಡಿಯಾಗಿ, ಹೊರದೇಶಗಳಲ್ಲಿರುವ ಐರಿಷ್ ಮೂಲದವರೊಡನೆ ತನಗಿರುವ ನಂಟನ್ನು ದೇಶ ಪ್ರೀತಿಯಿಂದ ಕಾಣುತ್ತದೆ ಎಂಬ ಮಾತು ಸೇರಿತು.

ದೀಪದಿಂದ ಹೊಟ್ಟೆ ತುಂಬುವುದಿಲ್ಲ ಎಂದು ನೀವು ಹೇಳಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ದೀಪ ಹಚ್ಚಿದ ಮೇಲೆ ಲೆಕ್ಕ ಕೇಳುವವರು ಹುಟ್ಟಿಕೊಂಡರು. ಸರಕಾರ ನೇಮಿಸಿದ ಸಮಿತಿಯೊಂದು 2002ರಲ್ಲಿ ವರದಿ ಕೊಟ್ಟು, 2005ರ ಹೊತ್ತಿಗೆ ವರ್ಷಕ್ಕೆ 3 ಕೋಟಿ 40 ಲಕ್ಷ ಯೂರೋ ಒದಗಿಸಬೇಕೆಂದು ಸಲಹೆ ಮಾಡಿತು. 2003ರ ಕೊನೆಯಲ್ಲಿ ಅಲ್ಲಿನ ದೂರದರ್ಶನದಲ್ಲಿ ಇಂಗ್ಲೆಂಡಿನ ಒಂಟಿ ಮುದುಕರ ಮೇಲೆ ಕಾರ್ಯಕ್ರಮವೊಂದು ಬಂತು. ನೋಡಿದ ಜನಕ್ಕೆ ನಾಚಿಕೆಯಾಯಿತು. ತಮ್ಮ ಶಾಲೆಯ ಫೀಸಿಗೆ ದುಡ್ಡು ಕಳಿಸಿದ ಚಿಕ್ಕಪ್ಪ, ಸೋದರತ್ತೆಯರ ಮುಖ ಅಲ್ಲಿ ಕಂಡಿರಬೇಕು. 2004ರಲ್ಲಿ ವಿದೇಶಾಂಗ ಇಲಾಖೆಯಲ್ಲಿ ಇದಕ್ಕೆಂದೇ ಒಂದು ವಿಭಾಗ ತೆರೆದು, ‘ವಲಸೆಗಾರರ ನೆರವು ಯೋಜನೆ’ಯನ್ನು ಆರಂಭಿಸಿದರು. 2008ರ ವೇಳೆಗೆ ಅದಕ್ಕೆ ವರ್ಷಕ್ಕೆ ಒಂದೂವರೆ ಕೋಟಿ ಯೂರೋದಷ್ಟು ಸಿಗುತ್ತಿತ್ತು. ಮುಂದೆ ಬ್ಯಾಂಕುಗಳು ಮುಳುಗಿ ದೇಶವೇ ಸಾಲದಲ್ಲಿ ಬಿದ್ದಾಗ ಕಡಿಮೆಯಾಯಿತು, ನಿಲ್ಲಲಿಲ್ಲ. 2004ರಿಂದೀಚೆಗೆ ಕೊಟ್ಟ ಒಟ್ಟು ಹಣ 20 ಕೋಟಿ ಯೂರೋ ದಾಟಿದೆ. 2014ರಲ್ಲಿ ಹೊರನಾಡಿನವರಿಗಾಗಿಯೇ ಒಬ್ಬ ಮಂತ್ರಿಯನ್ನೂ ನೇಮಿಸಿದರು.

ಹಣವನ್ನು ಒಬ್ಬೊಬ್ಬರ ಕೈಗೆ ಹಂಚುವುದಿಲ್ಲ. ಆಯಾ ಊರಿನಲ್ಲಿ ಕೆಲಸ ಮಾಡುವ ಸಂಘಗಳು ಅರ್ಜಿ ಹಾಕಿ, ಲೆಕ್ಕ ಒಪ್ಪಿಸಿ ಪಡೆಯಬೇಕು. ಅದರಿಂದ ನಡೆಯುವ ಕೆಲಸಗಳನ್ನು ನೋಡಿದರೆ ನಮ್ಮ ಮನೆಗಳಲ್ಲಿ ಹೆಂಗಸರು ಮಾಡುವ ಕೆಲಸಗಳೇ. ಒಂಟಿ ಮುದುಕಿಯ ಮನೆಗೆ ವಾರಕ್ಕೊಮ್ಮೆ ಹೋಗಿ ಕೂತು ಬರುವುದು. ಪೆನ್ಷನ್ನಿನ ಅರ್ಜಿ ತುಂಬಿಕೊಡುವುದು. ಬುಧವಾರವೋ ಗುರುವಾರವೋ ಹತ್ತಿಪ್ಪತ್ತು ಮಂದಿಯನ್ನು ಸೇರಿಸಿ ಬಿಸಿ ಊಟ ಹಾಕಿ, ಹಳೆಯ ಹಾಡು ಹಾಡಿಸುವುದು. ಜೈಲಿನಲ್ಲಿರುವವರನ್ನು ವಿಚಾರಿಸುವುದು. ಅಮೇರಿಕದಲ್ಲಿ ಕಾಗದಪತ್ರವಿಲ್ಲದೆ ಸಿಕ್ಕಿಬಿದ್ದ ಹುಡುಗ ಹುಡುಗಿಯರಿಗೆ ಕಾನೂನು ಸಲಹೆ ಕೊಡುವುದು. ಲಂಡನ್ನಿನ ಐಶ್ಲಿಂಗ್ ಎಂಬ ಸಂಸ್ಥೆ ಎಷ್ಟೋ ವರ್ಷಗಳಿಂದ ಊರು ಕಾಣದ ಗಂಡಸರನ್ನು ಗುಂಪಾಗಿ ಐರ್ಲೆಂಡಿಗೆ ಕರೆದೊಯ್ದು ಕೆಲವು ದಿನ ಇರಿಸಿ ಕರೆತರುತ್ತದೆ. ಅದರಲ್ಲಿ ಕೆಲವರು ಧೈರ್ಯ ಮಾಡಿ ಅಲ್ಲಿಯೇ ಉಳಿಯುತ್ತಾರೆ. ಮೇಯೋ ಸೀಮೆಯ ಮಲ್ರನಿ ಎಂಬ ಹಳ್ಳಿಯಲ್ಲಿ ಡಾಕ್ಟರೊಬ್ಬರು 2000ದಲ್ಲಿ ಆರಂಭಿಸಿದ ‘ಸೇಫ್ ಹೋಮ್’ ಎಂಬ ಸಂಸ್ಥೆ, ಊರಿಗೆ ಮರಳಬಯಸುವ ವೃದ್ಧರಿಗೆ ಬಾಡಿಗೆಮನೆ ಹುಡುಕಿ ಕೊಡುತ್ತದೆ. ನನ್ನ ವಿದ್ಯಾರ್ಥಿನಿ ಹೇಳಿದ ಅಜ್ಜಿ ಬಂದದ್ದು ಈ ದಾರಿಯಲ್ಲಿ.

ಇಷ್ಟು ಓದಿ ಐರ್ಲೆಂಡಿನವರನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ವರ್ಷಗಳನ್ನು ಒಮ್ಮೆ ಕೂಡಿಸಿ ನೋಡಿ. 1950ರಲ್ಲಿ ಇಪ್ಪತ್ತು ವರ್ಷದವನಾಗಿ ಹೋದವನಿಗೆ 2004ರಲ್ಲಿ ಎಪ್ಪತ್ತನಾಲ್ಕು. ಅಷ್ಟರಲ್ಲಿ ಎಷ್ಟು ಮಂದಿ ಹೋಗಿಬಿಟ್ಟಿರಲಿಲ್ಲ! 2002ರ ಸಮಿತಿ ಕೇಳಿದ ಮೊತ್ತದ ಅರ್ಧವನ್ನೂ ಸರಕಾರ ಹೇಳಿದ ಗಡುವಿನೊಳಗೆ ಕೊಡಲಿಲ್ಲ. ಕೊಟ್ಟದ್ದು ದಾನವಲ್ಲ, ತೀರಿಸಬೇಕಾಗಿದ್ದ ಸಾಲ. ಸಾಲಗಾರರಲ್ಲಿ ಅನೇಕರು ವಸೂಲಿಗೆ ಬರುವ ಮುನ್ನವೇ ಕಣ್ಣು ಮುಚ್ಚಿದ್ದರು.

ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. 2009ರಿಂದ ನಮ್ಮ ರಾಯಭಾರ ಕಛೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದಿದೆ. ಕೊಲ್ಲಿ ದೇಶಗಳಲ್ಲಿ ಸಂಬಳವಿಲ್ಲದೆ ಬೀದಿಗೆ ಬಿದ್ದವರಿಗೆ ಊಟ, ವಸತಿ, ಟಿಕೇಟು, ಸತ್ತವರ ದೇಹ ಊರಿಗೆ ತರುವ ಖರ್ಚು, ಇವೆಲ್ಲ ಅದರಿಂದ ಸಿಗುತ್ತವೆ. ಅದರ ಹಣದ ಹೆಚ್ಚಿನ ಪಾಲು ಬರುವುದು ಆ ಕಛೇರಿಗಳಲ್ಲಿ ಕೆಲಸಕ್ಕೆಂದು ಬರುವವರಿಂದ ತೆಗೆದುಕೊಳ್ಳುವ ಸಣ್ಣ ಶುಲ್ಕದಿಂದ. ಆದರೆ ದೇಶದೊಳಗೇ ಊರು ಬಿಟ್ಟು ಬೊಂಬಾಯಿಗೆ, ಪೂನಾಕ್ಕೆ ಹೋದವರಿಗೆ ಯಾವ ರಾಯಭಾರ ಕಛೇರಿ? ಅವರಿಗೆ ಇರುವುದು ನಾವೇ.

ಇನ್ನು ಮಾವನ ವಿಷಯ ಹೇಳಬೇಕು. ನನಗೆ ಕೆಲಸ ಸಿಕ್ಕಿದ ಮರುವರ್ಷ ಮಾವನಿಂದ ಕಾಗದ ಬಂತು. ಕಣ್ಣು ಮಂಜಾಗಿದೆ, ಒಲೆಯ ಮುಂದೆ ನಿಲ್ಲಲು ಆಗುವುದಿಲ್ಲ, ಊರಿಗೆ ಬಂದು ಇರಲೇ ಎಂದು ಕೇಳಿದ್ದರು. ಕೇಳಿದ್ದರು! ಅವರ ದುಡ್ಡಿನಿಂದ ಮಾಡು ಕಂಡ ಮನೆ ಅದು. ನಮ್ಮ ಮನೆಯಲ್ಲಿ ಮಾತುಕತೆ ನಡೆಯಿತು. ಹಿಂದಿನ ಕೋಣೆಯಲ್ಲಿ ತೆಂಗಿನಕಾಯಿ ರಾಶಿ ಇದೆ, ಮಾಡು ಸೋರುತ್ತದೆ, ಮಳೆಗಾಲ ಮುಗಿಯಲಿ, ಆಮೇಲೆ ಸರಿಮಾಡಿಸಿ ಕರೆಯೋಣ ಎಂದಾಯಿತು. ಚೆಂದದ ಅಕ್ಷರ ನನ್ನದೆಂದು ಕಾಗದ ನನ್ನಿಂದಲೇ ಬರೆಸಿದರು. ‘ಮಳೆಗಾಲ ಕಳೆಯಲಿ, ಮಾವ’ ಎಂದು ನಾನೇ ಬರೆದೆ. ಅವರು ಕಲಿಸಿದ ಅಕ್ಷರದಲ್ಲಿ. ದೀಪಾವಳಿಗೆ ಮುಂಚೆ ಮಾಟುಂಗದಿಂದ ತಂತಿ ಬಂತು. ಅಂತ್ಯಕ್ರಿಯೆಯನ್ನು ಹೋಟೆಲಿನ ಹುಡುಗರೇ ಮುಗಿಸಿದ್ದರು. ಅವರ ಟ್ರಂಕಿನಲ್ಲಿ ಎರಡು ಪಂಚೆ, ಒಂದು ಶಾಲು, ನಾನು ಬರೆದ ಆ ಕಾಗದ ಇದ್ದವಂತೆ.

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೇಯೋದ ಅಜ್ಜಿಯ ಪ್ರಶ್ನೆ ಕೇಳಿದ ಮೇಲೆ ಹೇಳದಿರಲು ಆಗಲಿಲ್ಲ. ಒಂದು ಸರಕಾರ ಐವತ್ತು ವರ್ಷ ತಡ ಮಾಡಿತೆಂದು ಬರೆಯುವ ನಾನು ನಾಲ್ಕು ತಿಂಗಳು ತಡ ಮಾಡಿದವಳು.

ನಿಮ್ಮ ಮನೆಯಲ್ಲೂ ಯಾರಾದರೊಬ್ಬರು ಹೀಗೆ ದೂರದಲ್ಲಿ ಇರಬಹುದು. ಯಾರದೋ ಫೀಸು ಕಟ್ಟಿದ ದೊಡ್ಡಪ್ಪ, ಯಾರದೋ ಮದುವೆಗೆ ಬಳೆ ಮಾಡಿಸಿದ ಚಿಕ್ಕಮ್ಮ. ಈ ಭಾನುವಾರ ಒಂದು ಫೋನು ಮಾಡಿ, ಹೇಗಿದ್ದೀರಿ ಎಂದು ಕೇಳಿ. ಬರುತ್ತೇನೆಂದರೆ ಕೋಣೆ ಖಾಲಿ ಮಾಡಿಸಿ. ಮಳೆಗಾಲ ಕಳೆಯಲಿ ಎನ್ನಬೇಡಿ.